ಜಡ್ಜ್ ಕಲ್ಲಿನ ಹಿಂದೆ

ಸ್ಟಿಲ್‌ಹೌಸ್ ಹಳ್ಳದ ಮೇಲಿನ ಗುಡ್ಡದ ಸ್ಮಶಾನದಲ್ಲಿ ಅಕ್ಷರ ಕೆತ್ತಿದ ಕಲ್ಲು ಬಹುಕಾಲ ಒಂದೇ ಒಂದಿತ್ತು. ಅದು ಜಡ್ಜ್ ಸ್ಟ್ರದರ್ ಸಾಹೇಬರದು. ಉಳಿದವರು, ಅಂದರೆ ನೇಪಿಯರ್‌ಗಳು, ಅವರ ನೆಂಟರು, ನೆಂಟರ ನೆಂಟರು, ಹಳ್ಳದಿಂದ ಹೊತ್ತು ತಂದ ಚಪ್ಪಟೆ ಕಲ್ಲುಗಳ ಬುಡದಲ್ಲಿ ಹೆಸರಿಲ್ಲದೆ ಮಲಗಿದ್ದರು. ಬಡವರು ಸತ್ತರೆ ನೆನಪಿನಲ್ಲಿರಬೇಕು, ಕಲ್ಲಿನಲ್ಲಲ್ಲ ಎಂದು ಅಲ್ಲಿನವರು ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡದೆ ಬೇರೆ ದಾರಿಯೂ ಇರಲಿಲ್ಲ.

ಜಡ್ಜ್ ಸಾಹೇಬರ ಕಥೆ ಕೆಂಟಕಿಯ ಆ ಕಣಿವೆಯಲ್ಲಿ ಮಗುವಿಗೂ ಗೊತ್ತಿತ್ತು. ಇಂಗ್ಲೆಂಡಿನ ದೊರೆಯ ಮೇಲೆ ನಡೆದ ಯುದ್ಧದಲ್ಲಿ ಸಾಹೇಬರು ಕಾದಾಡಿದ್ದರು. ಯುದ್ಧ ಮುಗಿದ ಮೇಲೆ ಸರ್ಕಾರ ಅವರಿಗೆ ಬೆಟ್ಟಗಳ ಆಚೆ ನೆಲ ಕೊಟ್ಟಿತು. ಬಂದು ನೋಡಿದರೆ ಹಳ್ಳದ ಬದಿಯ ಬಯಲಿನಲ್ಲಿ ಜೆಸ್ಸಿ ನೇಪಿಯರ್ ಎಂಬವನು ಮರ ಕಡಿದು, ಬೊಡ್ಡೆ ಕಿತ್ತು, ಮೆಕ್ಕೆಜೋಳ ಹಾಕಿದ್ದ. (ಅವನಿಗಿಂತ ಮೊದಲು ಅಲ್ಲಿ ಯಾರಿದ್ದರು ಎಂದು ಜೆಸ್ಸಿಯೂ ಕೇಳಿರಲಿಲ್ಲ ಬಿಡಿ.) ಅಷ್ಟರಲ್ಲಿ ಸಾಹೇಬರನ್ನೇ ಆ ಕಾಡಿಗೆ ಜಡ್ಜ್ ಮಾಡಿದ್ದರು. ಮರದ ದಿಮ್ಮಿಯ ಕೋರ್ಟಿನಲ್ಲಿ ಸಾಹೇಬರು ಕುರ್ಚಿಯಿಂದ ಇಳಿದು ತಮ್ಮ ದೂರನ್ನು ತಾವೇ ಹೇಳಿಕೊಂಡರಂತೆ, ಮತ್ತೆ ಕುರ್ಚಿ ಹತ್ತಿ ಗಂಭೀರವಾಗಿ ತಲೆದೂಗಿ ತಮ್ಮ ಪರವಾಗಿಯೇ ತೀರ್ಪು ಕೊಟ್ಟರಂತೆ. ಬಯಲು ಸಾಹೇಬರಿಗೆ ಹೋಯಿತು, ಜೆಸ್ಸಿಗೆ ಗುಡ್ಡ ಉಳಿಯಿತು. ಸಾಯುವ ಕಾಲಕ್ಕೆ ಸಾಹೇಬರಿಗೆ ಗುಡ್ಡದ ಮೇಲಿನ ಬೆಳಗಿನ ಬಿಸಿಲೂ ಬೇಕೆನ್ನಿಸಿ, ನೇಪಿಯರ್‌ಗಳ ಸ್ಮಶಾನದ ನೆತ್ತಿಯಲ್ಲೇ ಮಣ್ಣಾದರು. ಅವರ ಮಕ್ಕಳು ಬಯಲನ್ನು ಮಾರಿ ಪಟ್ಟಣ ಸೇರಿದರು. ನೇಪಿಯರ್‌ಗಳು ಗುಡ್ಡದ ಮೇಲೇ ಉಳಿದರು, ಸಾಹೇಬರ ಗೋರಿಯ ಹುಲ್ಲು ಕೆರೆಯುವುದಕ್ಕೆ.

ಹುಲ್ಲು ಕೆರೆಯುವುದು ಅಲ್ಲಿನ ಪದ್ಧತಿ. ಗೋರಿಯ ಮೇಲೆ ಹುಲ್ಲು ಬೆಳೆದರೆ ಆ ಮನೆತನ ಹಾಳಾಯಿತು ಎಂದರ್ಥ. ಮೇ ತಿಂಗಳ ಕೊನೆಯಲ್ಲಿ ಬರುವ ಸಿಂಗಾರದ ಭಾನುವಾರದ ಹೊತ್ತಿಗೆ ಎಲ್ಲರೂ ಗುದ್ದಲಿ ಹಿಡಿದು ಗುಡ್ಡ ಹತ್ತುತ್ತಾರೆ, ಗೋರಿಗಳನ್ನು ಕೆರೆದು ಬೋಳು ಮಾಡಿ ಮಣ್ಣು ಏರಿಸುತ್ತಾರೆ, ಮೇಣದಲ್ಲಿ ಅದ್ದಿದ ಕಾಗದದ ಗುಲಾಬಿ ಇಡುತ್ತಾರೆ. ಭಾನುವಾರ ಅಲ್ಲೇ ನೆಲದ ಮೇಲೆ ಬಟ್ಟೆ ಹಾಸಿ ಊಟ. ಓಮಾ ನೇಪಿಯರ್ ಎಂಬ ಮುದುಕಿ ಪ್ರತಿ ವರ್ಷ ಜಡ್ಜ್ ಗೋರಿಯನ್ನೂ ಚೊಕ್ಕಟವಾಗಿ ಕೆರೆದು, ಆಮೇಲೆ ಕಲ್ಲಿನ ಅಕ್ಷರಗಳಿಗೆ ಸರಿಯಾಗಿ ಗುರಿಯಿಟ್ಟು ಹೊಗೆಸೊಪ್ಪಿನ ರಸ ಉಗಿಯುತ್ತಿದ್ದಳು.

"ಉಗಿಯೋದಾದ್ರೆ ಕೆರೆಯೋದ್ಯಾಕತ್ತೆ?" ಎಂದು ಹೊಸದಾಗಿ ಬಂದ ಸೊಸೆ ಡೆಲ್ಫಿ ಕೇಳಿದಳು.

"ಕೆರೆಯೋದು ಸತ್ತೋನಿಗೆ ಕಣೆ. ಉಗಿಯೋದು ಬದುಕಿದ್ದೋನಿಗೆ."

ಡೆಲ್ಫಿಗೆ ಆ ಮಾತು ಬಹಳ ಹಿಡಿಸಿತು. ಅವಳದೂ ಅಂಥದೇ ನಾಲಿಗೆ.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಆ ಕಡೆ ಸತ್ತವರ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ಕೊನೆಯ ದಿನ ಕಹಳೆ ಕೇಳಿ ಎದ್ದು ಕೂತಾಗ ಮುಖ ಮೂಡುವ ಸೂರ್ಯನಿಗೆ ಎದುರಾಗಿರಬೇಕು. ಕಲ್ಲು ನೆಡುವುದು ತಲೆಯ ಹತ್ತಿರ. ಹಳಬರು ಅಕ್ಷರ ಕೆತ್ತುತ್ತಿದ್ದದ್ದು ಕಲ್ಲಿನ ಪಡುವಣದ ಮೈಗೆ, ಓದಲು ಬಂದವನು ಸತ್ತವನ ಎದೆಯ ಮೇಲೆ ನಿಲ್ಲಬಾರದಲ್ಲ. ಆದ್ದರಿಂದ ಆ ಗುಡ್ಡದವರ ಬಾಯಲ್ಲಿ ಕಲ್ಲಿನ ಮುಂದೆ ಎಂದರೆ ಮೂಡಣ, ಸತ್ತವನು ಮಲಗಿರುವ ಕಡೆ, ಅವನು ಎದ್ದು ನೋಡುವ ಕಡೆ. ಅಕ್ಷರ ಇರುವುದು ಕಲ್ಲಿನ ಹಿಂದೆ. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಬಲಗೈ ಯಾವುದು ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಡೆಲ್ಫಿಗೆ ಹುಟ್ಟಿದ್ದು ಒಂದೇ ಮಗು. ಲಿಯೋಟ ಎಂದು ಹೆಸರಿಟ್ಟರು. ಕೂಸು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಬಾಗಿಲು ಮೆಲ್ಲಗೆ ಹಾಕಿದರೂ ಬೆಚ್ಚಿ ಎರಡೂ ಕೈ ಮೇಲೆತ್ತಿ ಅಳುತ್ತಿತ್ತು. ಆ ಚಳಿಗಾಲ ಎದೆಯಲ್ಲಿ ಕಫ ಕಟ್ಟಿ, ನಗುವುದನ್ನು ಕಲಿಯುವ ಮೊದಲೇ ಹೋಯಿತು. ಗುಡ್ಡದ ನೆಲವೆಲ್ಲ ಹೆಪ್ಪುಗಟ್ಟಿತ್ತು. ಡೆಲ್ಫಿಯ ಗಂಡ ಕ್ಲೋವಿಸ್ ಹಾರೆ ಹಿಡಿದು ನೇಪಿಯರ್‌ಗಳ ಸಾಲಿನಲ್ಲೆಲ್ಲ ಕುಟ್ಟಿ ನೋಡಿದ, ಕಿಡಿ ಹಾರಿತೇ ಹೊರತು ಮಣ್ಣು ಏಳಲಿಲ್ಲ. ಕೊನೆಗೆ ಮಣ್ಣು ಒಪ್ಪಿಕೊಂಡದ್ದು ಒಂದೇ ಕಡೆ, ಜಡ್ಜ್ ಕಲ್ಲಿನ ಹಿಂದೆ. ಆ ದೊಡ್ಡ ಕಲ್ಲು ಗಾಳಿಗೆ ಅಡ್ಡವಾಗಿತ್ತು, ಸಂಜೆಯ ಬಿಸಿಲು ಅದಕ್ಕೆ ತಾಗಿ ಬುಡದ ಮಣ್ಣು ಸ್ವಲ್ಪ ಮೆತ್ತಗಾಗಿತ್ತು. ಅಲ್ಲೂ ಆಳ ಹೋಗಲಾಗಲಿಲ್ಲ.

"ಅವನ ಕಲ್ಲಿನ ಹಿಂದೇನೇ ಆಗ್ಬೇಕಾ?" ಎಂದು ಡೆಲ್ಫಿ ಪೆಟ್ಟಿಗೆ ಬಿಡದೆ ನಿಂತಳು. "ಎದ್ದು ಕೂತ ತಕ್ಷಣ ಅವಳ ಕಣ್ಣಿಗೆ ಬೀಳೋದು ಆ ಮನುಷ್ಯನ ಕಲ್ಲು."

"ಬೀಳ್ಲಿ ಬಿಡೆ," ಎಂದ ಕ್ಲೋವಿಸ್. "ಅಕ್ಷರ ಈ ಕಡೇನೇ ಇದ್ಯಲ್ಲ. ಎದ್ದ ತಕ್ಷಣ ಓದೋದಾದ್ರೂ ಕಲೀತಾಳೆ. ನಮ್ಮಿಬ್ಬರಿಗಂತೂ ಬರ್ಲಿಲ್ಲ."

ಹಾಗೆ ಹೇಳಿ ಅವನೇ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಹಳ್ಳಕ್ಕೆ ಇಳಿದು, ಮಂಜುಗಡ್ಡೆ ಒಡೆದು, ನಡುವೆ ಬಿಳಿ ಗೆರೆ ಓಡಿದ ಕಲ್ಲೊಂದನ್ನು ಆರಿಸಿ ತಂದು ಮಗುವಿನ ತಲೆಯ ಹತ್ತಿರ ನೆಟ್ಟ. ಬರೆಯಲು ಬಾರದವನು ಮಾಡಬಹುದಾದದ್ದು ಅಷ್ಟೆ. ಮುಂದೆ ಒಂದು ದಿನ ಅವನ ಮೇಲೆ ಮರ ಬಿತ್ತು. ಅವನು ಕೆಳಗಿನ ಸಾಲು ಸೇರಿದ. ಡೆಲ್ಫಿ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆ ಬೇಯಿಸಿ ಹಾಕುತ್ತಾ ಒಬ್ಬಳೇ ಬದುಕಿದಳು. ಕೆತ್ತಿದ ಕಲ್ಲು ಹಾಕಿಸು ಎಂದು ಯಾರಾದರೂ ಹೇಳಿದರೆ, "ಅವಳಪ್ಪ ಆರಿಸಿ ತಂದಿರೋದು ಇದೆ, ಸಾಕು," ಎನ್ನುತ್ತಿದ್ದಳು.

ಜಡ್ಜ್ ಜೊತೆ ಅವಳು ತನ್ನದೇ ಒಂದು ರಾಜಿ ಮಾಡಿಕೊಂಡಿದ್ದಳು. ಮಗುವಿನ ದಿಬ್ಬ ಕೆರೆದಾದ ಮೇಲೆ ಕಲ್ಲನ್ನು ಸುತ್ತಿ ಮುಂದೆ ಹೋಗಿ ಸಾಹೇಬರ ನೆಲವನ್ನೂ ಕೆರೆಯುತ್ತಿದ್ದಳು. ಸಾಹೇಬರ ದಿಬ್ಬ ಎಂದೋ ಕುಸಿದು ಅಂಗಳದಂತೆ ಮಟ್ಟವಾಗಿತ್ತು, ಕಾಲ ಬಳಿಯ ಚಿಕ್ಕ ಕಲ್ಲು ಮಣ್ಣೊಳಗೆ ಇಳಿದುಹೋಗಿತ್ತು. "ನೋಡಯ್ಯಾ, ಬದುಕಿದ್ದಾಗ ಕಿತ್ತುಕೊಂಡೆ, ಈಗ ಕಾವಲು ಕಾಯಿ," ಎಂದು ಹೇಳಿ ಗುದ್ದಲಿ ಹೆಗಲಿಗೇರಿಸುವಳು. ಅತ್ತೆ ಸತ್ತ ಮೇಲೆ ಉಗಿಯುವ ಕೆಲಸವನ್ನೂ ನಿಲ್ಲಿಸಿಬಿಟ್ಟಿದ್ದಳು. ಉಗಿದರೆ ಈಗ ಅದು ಮಗುವಿನ ಮೇಲೆ ಬೀಳುತ್ತಿತ್ತು.

ದೇಶಕ್ಕೆ ಇನ್ನೂರು ವರ್ಷ ತುಂಬುವ ಆ ವಸಂತದಲ್ಲಿ ಲೆಕ್ಸಿಂಗ್ಟನ್ ಕಡೆಯಿಂದ ಮಿಸೆಸ್ ವಿಂಗೇಟ್ ಎಂಬ ಹೆಂಗಸು ಬಂದಳು. ಸ್ಟ್ರದರ್ ವಂಶಸ್ಥರದೊಂದು ಸಂಘ, ಅದಕ್ಕೆ ಅವಳು ಅಧ್ಯಕ್ಷೆ. ತಮ್ಮ ಹಿರಿಯನಿಗೆ ಒಳ್ಳೆಯ ಗ್ರಾನೈಟ್ ಚಪ್ಪಡಿ, ಸುತ್ತ ಸರಪಳಿ, ಬಾವುಟದ ಕಂಬ, ಕೂರಲು ಬೆಂಚು ಎಲ್ಲ ಮಾಡಿಸಬೇಕು ಎಂದು ಹೊರಟಿದ್ದಳು. ಮಳೆ ಬಂದು ಗುಡ್ಡದ ದಾರಿ ಜಾರುತ್ತಿತ್ತು, ಅವಳ ಕಾಲಲ್ಲಿ ಎತ್ತರದ ಹಿಮ್ಮಡಿಯ ಬೂಟು. ಡೆಲ್ಫಿಯ ಮನೆಯ ಗೇಟಿನಲ್ಲೇ ನಿಂತಳು. ಡೆಲ್ಫಿ ಒಲೆಯ ಮೇಲೆ ಒಣ ಹುರುಳಿಕಾಯಿ ಇಟ್ಟು ಬಂದಿದ್ದಳು, ಅವಳಿಗೂ ಗುಡ್ಡ ಹತ್ತುವ ಪುರುಸೊತ್ತಿರಲಿಲ್ಲ.

"ನಮ್ಮ ಅಜ್ಜ ಸರಿಯಾಗಿ ಎಲ್ಲಿ ಮಲಗಿದಾರೆ ಮಿಸೆಸ್ ನೇಪಿಯರ್? ಕಲ್ಲಿನ ಯಾವ ಕಡೆ?"

ಜನ್ಮದಲ್ಲಿ ಡೆಲ್ಫಿಯನ್ನು ಯಾರೂ ಮಿಸೆಸ್ ನೇಪಿಯರ್ ಎಂದು ಕರೆದಿರಲಿಲ್ಲ. ದೊಡ್ಡವರಿಗೆ ಅವಳು ಡೆಲ್ಫಿ, ಚಿಕ್ಕವರಿಗೆ ಡೆಲ್ಫಿ ಚಿಕ್ಕಮ್ಮ. ಒಳಗೊಳಗೇ ಉಬ್ಬಿ, ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ಮುಂದೆ ಕಣಮ್ಮ. ಇನ್ನೆಲ್ಲಿರ್ತಾರೆ? ಕಲ್ಲಿನ ಮುಂದೆ."

"ಹತ್ತಿರದಲ್ಲಿ ಬೇರೆ ಯಾರಾದ್ರೂ ಇದಾರಾ?"

"ಮುಂದೆ ಯಾರೂ ಇಲ್ಲ. ಹಿಂದೆ ನನ್ನ ಮಗು ಇದೆ. ತೀರಾ ಹಸುಗೂಸು. ಆ ಕಡೆ ಮಾತ್ರ ಕಾಲಿಡಬೇಡಿ ಅಂತ ನಿಮ್ಮ ಕೆಲಸದೋರಿಗೆ ಹೇಳ್ಬಿಡಮ್ಮ."

ಮಿಸೆಸ್ ವಿಂಗೇಟಳ ಕಣ್ಣು ಒದ್ದೆಯಾಯಿತು. ಡೆಲ್ಫಿಯ ಕೈ ಹಿಡಿದುಕೊಂಡು, "ಹಿಂದೆ ಒಂದು ನರಪಿಳ್ಳೇನೂ ಹೋಗಲ್ಲ. ನಾನು ಮಾತು ಕೊಡ್ತೀನಿ," ಎಂದಳು.

ಮಾತು ಕೊಟ್ಟಂತೆಯೇ ನಡೆದುಕೊಂಡಳು. ಅವಳನ್ನು ಕೆಟ್ಟವಳೆಂದು ಬೈಯಲೂ ಆಗದಂತೆ ನಡೆದುಕೊಂಡಳು, ಅದೇ ನನ್ನ ಹೊಟ್ಟೆಯುರಿ.

ಸಿಂಗಾರದ ಭಾನುವಾರ ಡೆಲ್ಫಿ ಒಣ ಸೇಬಿನ ಪದರ ಕೇಕನ್ನು ಎದೆಗವಚಿಕೊಂಡು ಗುಡ್ಡ ಹತ್ತಿದಳು. ಆ ವಾರ ಮಂಡಿ ನೋವೆಂದು ಮೇಲೆ ಹೋಗಿರಲಿಲ್ಲ. ಊರವರಲ್ಲದೆ ಪಟ್ಟಣದವರೂ ಕಾರು ತುಂಬ ಬಂದಿದ್ದರು. ಮೂರು ಮೂಲೆಯ ಟೋಪಿ ಹಾಕಿ ಹಳೆಯ ಕಾಲದ ಸೈನಿಕರಂತೆ ವೇಷ ಕಟ್ಟಿದ ಗಂಡಸರು ಬಂದೂಕು ಹಿಡಿದು ಸಾಲಾಗಿ ನಿಂತಿದ್ದರು. ಪಾದ್ರಿ ಬ್ರದರ್ ಹೋಬರ್ಟ್ ಪ್ರಾರ್ಥನೆ ಶುರುಮಾಡಿದ್ದ.

ಚಪ್ಪಡಿ ಅಕ್ಷರದ ಕಡೆ ಇತ್ತು. ಕಲ್ಲಿನ ಹಿಂದೆ. ಅಗಲವಾದ ಬೂದು ಚಪ್ಪಡಿ, ಅದರ ಕೆಳಗೆ ಸಿಮೆಂಟು, ಸುತ್ತ ಸರಪಳಿ, ಪಕ್ಕದಲ್ಲೇ ಬಾವುಟದ ಕಂಬ. ಮಗುವಿನ ದಿಬ್ಬವನ್ನು ಅವರು ಜಡ್ಜ್ ಗೋರಿಯದೇ ಉಳಿದ ಮಣ್ಣು ಅಂದುಕೊಂಡು ಮಟ್ಟ ಮಾಡಿದ್ದರು. ಬಿಳಿ ಗೆರೆಯ ಕಲ್ಲು ಬೇಲಿಯ ಬುಡದ ಕಸದಲ್ಲಿ ಬಿದ್ದಿತ್ತು. ಕಲ್ಲಿನ ಮುಂದೆ, ಜಡ್ಜ್ ಸಾಹೇಬರು ನಿಜವಾಗಿ ಮಲಗಿದ್ದ ಕಡೆ, ಗೂಟ ಹೊಡೆದು ಕೆಂಪು ದಾರ ಕಟ್ಟಿದ್ದರು, ಯಾರೂ ಮಗುವನ್ನು ತುಳಿಯಬಾರದೆಂದು.

ಡೆಲ್ಫಿ ಕೇಕನ್ನು ನೆಲದ ಮೇಲಿಟ್ಟಳು. ಅಷ್ಟರಲ್ಲಿ ಬಂದೂಕುಗಳು ಒಟ್ಟಿಗೆ ಸಿಡಿದವು. ಅವಳ ಎರಡೂ ಕೈ ತಾವಾಗಿಯೇ ಮೇಲೆದ್ದವು, ಬೆಚ್ಚಿದ ಕೂಸಿನ ಕೈಗಳು ಏಳುತ್ತಿದ್ದಂತೆ. ಇಷ್ಟು ವರ್ಷ ಅವಳು ಆ ಮಣ್ಣಿನ ಹತ್ತಿರ ಜೋರಾಗಿ ಮಾತಾಡಿದವಳೇ ಅಲ್ಲ.

ಆ ಕೆಲಸಕ್ಕೆ ಕೂಲಿಗೆ ಹೋದವರಲ್ಲಿ ಕ್ಲೋವಿಸ್‌ನ ಅಣ್ಣನ ಮಗ ಡಿಲ್ಲರ್ಡ್ ಕೂಡ ಇದ್ದ. ಅವನು ಬೆಳೆದದ್ದು ಓಹಾಯೋದ ಡೇಟನ್ನಿನಲ್ಲಿ, ಕಾರ್ಖಾನೆಗಳ ನಡುವೆ. ಬೇಸಿಗೆಗೆ ಮಾತ್ರ ಗುಡ್ಡಕ್ಕೆ ಬರುತ್ತಿದ್ದ. ಅವನಿಗೆ ಕಲ್ಲಿನ ಹಿಂದುಮುಂದು ಏನು ಗೊತ್ತು? ಡೆಲ್ಫಿ ಅವನ ತೋಳು ಹಿಡಿದಳು.

"ಕಂಬಕ್ಕೆ ಗುಂಡಿ ತೋಡಿದ್ದು ಯಾರೋ?"

"ನಾನೇ ಚಿಕ್ಕಮ್ಮ."

"ಏನಾದ್ರೂ ಸಿಕ್ತಾ?"

"ಮಣ್ಣು."

"ಮಣ್ಣು ಬಿಟ್ಟು? ಒಂದು ಹಲಗೆ ಚೂರು? ಮೊಳೆ?"

"ಬರೀ ಮಣ್ಣು ಚಿಕ್ಕಮ್ಮ. ಯಾಕೆ, ಏನಾಯ್ತು?"

ಏನೂ ಸಿಗಲಿಲ್ಲವಲ್ಲ ಎಂದು ಅವಳ ಜೀವಕ್ಕೆ ಸಮಾಧಾನವಾಯಿತು. ಏನಾದರೂ ಸಿಕ್ಕಿದ್ದರೆ ತೋರಿಸಬಹುದಿತ್ತಲ್ಲ ಎಂದು ಅದೇ ಉಸಿರಿನಲ್ಲಿ ಸಂಕಟವೂ ಆಯಿತು. ಚಪ್ಪಡಿಯ ಕೆಳಗಿರುವುದು ಮಗು ಎಂದು ಅವಳು ಡಿಲ್ಲರ್ಡ್‌ಗೆ ಹೇಳಿದಳು. ಆ ಗುಂಡಿ ತೋಡಿದ ಕೈಯನ್ನು ಅವನು ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ.

ಮಿಸೆಸ್ ವಿಂಗೇಟ್ ಮೊದಲು ಗಾಬರಿಯಾದಳು, ಆಮೇಲೆ ಗೊಂದಲಕ್ಕೆ ಬಿದ್ದಳು. "ಆದ್ರೆ ನೀವೇ ಮುಂದೆ ಅಂದ್ರಲ್ಲ?"

"ಅಂದೆ. ಮುಂದೇನೇ ಇದಾನೆ. ನೀವು ಹಾಕಿರೋದು ಹಿಂದೆ."

"ಅಕ್ಷರ ಇರೋದೇ ಮುಂದೆ ಅಲ್ವಾ?"

ಡೆಲ್ಫಿ ಬೇಲಿಯ ಬುಡಕ್ಕೆ ಹೋಗಿ ಬಿಳಿ ಗೆರೆಯ ಕಲ್ಲನ್ನು ಎತ್ತಿಕೊಂಡಳು. ಹಗಲು ಯಾವುದು, ರಾತ್ರಿ ಯಾವುದು ಎಂದು ವಾದಿಸುವುದು ಹೇಗೆ?

ಮರುವಾರ ಅವಳು ಕೌಂಟಿ ಜಡ್ಜ್ ಹತ್ತಿರ ಹೋದಳು. ಹೆಸರಿಗೆ ಜಡ್ಜ್ ಆದರೂ ಅವನು ಓಟಿನಿಂದ ಗೆದ್ದು ಬಂದು ಜಿಲ್ಲೆಯ ಆಡಳಿತ ನೋಡುವವನು. ಬಿಳಿ ಗೆರೆಯ ಕಲ್ಲನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ, ಅವನ ಮೇಜಿನ ಮೇಲೆ ಇಟ್ಟಳು. ಗೋಡೆಯ ಮೇಲೆ ಜಡ್ಜ್ ಸ್ಟ್ರದರ್ ಸಾಹೇಬರ ಚಿತ್ರ ಇತ್ತು. ಕುರ್ಚಿಯಲ್ಲಿದ್ದವನು ಓಟು ಕೇಳಲು ಮನೆಮನೆಗೆ ಬಂದು ಅವಳ ಕೈಯ ಕಾಫಿ ಕುಡಿದಿದ್ದವನೇ. ಕಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದ್ರ ಮೇಲೆ ಏನೂ ಬರ್ದಿಲ್ವಲ್ಲ ಡೆಲ್ಫಿ ಚಿಕ್ಕಮ್ಮ."

"ಅವಳಪ್ಪಂಗೆ ಬರೆಯೋಕೆ ಬರ್ತಿರ್ಲಿಲ್ಲ."

"ಅದು ಸರಿ. ಆದ್ರೆ ನಂಗೆ ಕಾಣೋದು ಒಂದು ಕಲ್ಲು. ಇಷ್ಟೇ ನೋಡ್ಕೊಂಡು, ದೇಶಕ್ಕಾಗಿ ಕಾದಾಡಿದ ಮನುಷ್ಯನ ಸಮಾಧೀನ ನಾನು ಅಗೆಸೋಕಾಗುತ್ತಾ? ಅದೂ ಈ ವರ್ಷ? ಜನ ನನ್ನ ಬಿಡ್ತಾರಾ?"

"ಸಮಾಧಿ ಅಲ್ಲ ಅದು, ಚಪ್ಪಡಿ. ಅದರ ಕೆಳಗಿರೋದು ನನ್ನ ಮಗು."

"ಚಿಕ್ಕಮ್ಮ, ನೀನೂ ದೊಡ್ಡೋಳಾದೆ. ಅಷ್ಟು ಹಳೇ ಮಾತು, ಮುಂದೆ ಹಿಂದೆ ಅನ್ನೋದು ಯಾರಿಗಾದ್ರೂ ತಪ್ಪಿ ಹೋಗುತ್ತೆ."

ಡೆಲ್ಫಿ ಗೋಡೆಯ ಮೇಲಿನ ಚಿತ್ರ ನೋಡಿದಳು. "ಆವಾಗ್ಲೂ ಆ ಕುರ್ಚೀಲಿ ಅವನೇ ಇದ್ದ, ಈಗ್ಲೂ ಅವನೇ ಇದಾನೆ. ನಾವೇ ದಡ್ಡರು, ಮತ್ತೆ ಮತ್ತೆ ಬರ್ತೀವಿ," ಎಂದು ಕಲ್ಲು ಕಟ್ಟಿಕೊಂಡು ಎದ್ದಳು.

ತನ್ನವರೇ ಜೊತೆಗೆ ನಿಂತಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ಊರವರಿಗೆ ಡೆಲ್ಫಿ ಹೇಳುವುದು ನಿಜವೆಂದು ಗೊತ್ತಿತ್ತು. ಆದರೆ ಸಂಘದವರು ಗುಡ್ಡದ ದಾರಿಗೆ ಜಲ್ಲಿ ಹಾಕಿಸಿದ್ದರು, ಬೇಲಿ ಕಟ್ಟಿಸಿದ್ದರು, ಪೇಪರಿನಲ್ಲಿ ಊರಿನ ಹೆಸರು ಬಂದಿತ್ತು. ಬ್ರದರ್ ಹೋಬರ್ಟ್ ಮನೆಗೇ ಬಂದು ಬುದ್ಧಿ ಹೇಳಿದ.

"ಮಗು ದೇವರ ಮಡಿಲಲ್ಲಿದೆ ಡೆಲ್ಫಿ. ಆ ಮಣ್ಣಲ್ಲಿ ಏನಿದೆ?"

"ಏನೂ ಇಲ್ದಿದ್ರೆ ನೀವೆಲ್ಲ ವರ್ಷಾವರ್ಷ ಯಾಕೆ ಕೆರೀತೀರಿ ಬ್ರದರ್?"

ಅವನು ಕಾಫಿ ಅರ್ಧಕ್ಕೇ ಬಿಟ್ಟು ಹೋದ.

ಮಿಸೆಸ್ ವಿಂಗೇಟ್ ಮಾತ್ರ ಸುಮ್ಮನಿರಲಿಲ್ಲ. ಯಾರ ಮನಸ್ಸೂ ನೋಯಬಾರದೆಂದು ತನ್ನ ಖರ್ಚಿನಲ್ಲೇ ಅಮೃತಶಿಲೆಯ ಪುಟ್ಟ ಕುರಿಮರಿಯೊಂದನ್ನು ಮಾಡಿಸಿ, ಕೆಳಗೆ ನೇಪಿಯರ್ ಶಿಶು ಎಂದು ಕೆತ್ತಿಸಿ, ಕೆಂಪು ದಾರ ಕಟ್ಟಿದ್ದ ಕಡೆ, ಕಲ್ಲಿನ ಮುಂದೆ ಇಡಿಸಿದಳು. ಅಂದರೆ ಜಡ್ಜ್ ಸಾಹೇಬರ ಎದೆಯ ಮೇಲೆ. "ಮಗು ಅಲ್ಲಿಲ್ಲ," ಎಂದು ಡೆಲ್ಫಿ ಹೇಳಿದಳು. "ನಿಮ್ಮ ಸಮಾಧಾನಕ್ಕೆ," ಎಂದಳು ಮಿಸೆಸ್ ವಿಂಗೇಟ್. ಕುರಿಮರಿ ನಿಜಕ್ಕೂ ಮುದ್ದಾಗಿತ್ತು. ನೋಡಿದವರೆಲ್ಲ ಅದರ ಬೆನ್ನು ಸವರಿ ಹೋಗುತ್ತಿದ್ದರು.

ಅಂದಿನಿಂದ ಡೆಲ್ಫಿ ಸಾಹೇಬರ ಪಾಲಿನ ಮಣ್ಣನ್ನು ಕೆರೆಯುವುದು ಬಿಟ್ಟಳು. ಹುಲ್ಲು ಬೆಳೆಯಲಿ, ಮನೆತನ ಹಾಳಾಗಿ ಹೋಗಲಿ ಎಂದುಕೊಂಡಳು. ಹುಲ್ಲು ಬೆಳೆಯಲಿಲ್ಲ. ಚರ್ಚಿನ ಹೆಂಗಸರು ಪಾಪ ಕುರಿಮರಿ ಎಂದು ಅವಳಿಗಿಂತ ಚೊಕ್ಕಟವಾಗಿ ಕೆರೆದು ಹೂವಿಟ್ಟರು. ಮಗುವಿನ ಮೇಲೆ ಬಂದೂಕು, ಜಡ್ಜ್ ಮೇಲೆ ಗುಲಾಬಿ. ಸತ್ತ ಮೇಲೂ ಆ ಮನುಷ್ಯನಿಗೆ ಸೇವೆ ತಪ್ಪಲಿಲ್ಲ ನೋಡಿ.

ಅವಳು ತನ್ನ ಪುಟ್ಟ ಮೇಣದ ಗುಲಾಬಿಗಳನ್ನು ಸರಪಳಿಯ ಕೆಳಗಿನಿಂದ ಕೈ ಚಾಚಿ ಚಪ್ಪಡಿಯ ಅಂಚಿಗೆ ಇಡುತ್ತಿದ್ದಳು. ಬೇಸಿಗೆಯ ಸಂಜೆಗಳಲ್ಲಿ ಸಂಘದ ಬೆಂಚಿನ ಮೇಲೆ ಕೂತು ಚಪ್ಪಡಿಯನ್ನು ನೋಡುತ್ತಿದ್ದಳು. ಪಟ್ಟಣದಿಂದ ಬಂದ ಪತ್ರಿಕೆಯವನೊಬ್ಬ ಹಾಗೇ ಕೂತ ಅವಳ ಫೋಟೋ ತೆಗೆದು, ಜಡ್ಜ್ ಸ್ಟ್ರದರರ ನಿಷ್ಠಾವಂತ ಕಾವಲುಗಾರ್ತಿ ಎಂದು ಅಚ್ಚು ಹಾಕಿಸಿದ. ಅದನ್ನು ಓದಿ ಸಂಘದವರು ಕರಗಿ ನೀರಾದರು. ಮುಂದಿನ ಸಿಂಗಾರದ ಭಾನುವಾರ ಅವಳಿಗೊಂದು ಹಿತ್ತಾಳೆಯ ಫಲಕ ಕೊಟ್ಟು, ಮೈಕಿನ ಮುಂದೆ ನಿಲ್ಲಿಸಿ, ಎರಡು ಮಾತು ಹೇಳಿ ಎಂದರು.

ಡೆಲ್ಫಿ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸೈನಿಕರ ವೇಷದವರ ಕಡೆ ತಿರುಗಿದಳು.

"ಬಂದೂಕು ಸ್ವಲ್ಪ ದೂರ ಹೋಗಿ ಹೊಡೀರಪ್ಪ. ಮಗು ಬೆಚ್ಚುತ್ತೆ."

ಜನ ಪ್ರೀತಿಯಿಂದ ನಕ್ಕರು. ಮುದುಕಿಗೆ ಮರೆವು ಶುರುವಾಗಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ನಗು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕಾಲ ಕಳೆದಂತೆ ಇನ್ನೊಂದು ಆಯಿತು. ಬಾವುಟ, ಬೆಂಚು, ಭಾಷಣ, ಕುರ್ಚಿಯ ಸಾಲು ಎಲ್ಲ ಅಕ್ಷರದ ಕಡೆಯೇ ಇದ್ದುದರಿಂದ ಊರವರೂ ಆ ಕಡೆಯನ್ನೇ ಮುಂದೆ ಎನ್ನಲು ಶುರುಮಾಡಿದರು. ಮೊದಲು ಚಿಕ್ಕವರು, ಆಮೇಲೆ ಬ್ರದರ್ ಹೋಬರ್ಟ್ ಕೂಡ. ಒಂದು ಸಲ ಅವನು ಡೆಲ್ಫಿಯ ಮಾತನ್ನೇ ತಿದ್ದಿದ. "ಬೆಂಚು ಇರೋದು ಕಲ್ಲಿನ ಮುಂದೆ ಡೆಲ್ಫಿ, ಹಿಂದೆ ಅಲ್ಲ. ಹಾಗಂದ್ರೆ ಈಗಿನ ಹುಡುಗ್ರಿಗೆ ಅರ್ಥ ಆಗಲ್ಲ."

"ನಿಮಗೂ ಮರೆತೋಯ್ತಾ ಬ್ರದರ್?"

"ಮರೆಯೋದಲ್ಲಮ್ಮ. ಎಲ್ರೂ ಹಾಗಂತಾರೆ."

"ನೆಲಾನೂ ತಗೊಂಡ್ರು, ಈಗ ಮಾತನ್ನೂ ತಗೊಂಡ್ರು. ಇಟ್ಕೊಳ್ಳಿ. ನನ್ನ ಬಾಯಲ್ಲಿ ಮಾತ್ರ ಅದು ಹಿಂದೇನೇ, ಸಾಯೋವರೆಗೂ."

ಈ ಹಟವೊಂದನ್ನು ಬಿಟ್ಟಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅವಳಿಗೆ ಉಳಿದಿದ್ದ ಆಸ್ತಿ ಅದೊಂದೇ.

ಕೊನೆಗಾಲದಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದು ಮಾತು ತುಂಡಾಯಿತು. ಡೇಟನ್ನಿನಿಂದ ಡಿಲ್ಲರ್ಡ್ ನೋಡಲು ಬಂದ. ಬಿಳಿ ಗೆರೆಯ ಕಲ್ಲು ಹಾಸಿಗೆಯ ಪಕ್ಕದ ಕಿಟಕಿಯ ಕಟ್ಟೆಯ ಮೇಲಿತ್ತು. ಅವಳು ಅದನ್ನೂ ಗುಡ್ಡವನ್ನೂ ತೋರಿಸಿ, ಪದ ಪದ ಹೆಕ್ಕಿ ಹೇಳಿದಳು.

"ನನ್ನ... ಹಿಂದೆ ಹಾಕು. ಕಲ್ಲಿನ ಹಿಂದೆ."

"ಕ್ಲೋವಿಸ್ ಚಿಕ್ಕಪ್ಪನ ಪಕ್ಕ ಬೇಡ್ವಾ ಚಿಕ್ಕಮ್ಮ?"

"ಅವನು ಕಾಯ್ತಾನೆ. ಸರಪಳಿ ಆಚೆ... ಹಿಂದೆ. ಎದ್ದಾಗ... ಅವಳು ಎದುರಿಗಿರ್ಲಿ."

ಡಿಲ್ಲರ್ಡ್‌ಗೆ ಅರ್ಥವಾಯಿತು. ಸರಪಳಿಯ ಆಚೆ ಪಡುವಣಕ್ಕೆ ಮಲಗಿದರೆ, ಕೊನೆಯ ದಿನ ಎದ್ದು ಕೂತಾಗ ಮೊದಲು ಕಣ್ಣಿಗೆ ಬೀಳುವುದು ಮಗು. ಅವಳು ಇಷ್ಟು ವರ್ಷ ಬೆಂಚಿನ ಮೇಲೆ ಕೂತು ಅಳೆಯುತ್ತಿದ್ದದ್ದು ಅದನ್ನೇ. ಹಾಗೇ ಮಾಡುತ್ತೇನೆ ಎಂದು ಅವಳ ಸ್ವಾಧೀನವಿದ್ದ ಕೈಯನ್ನು ಹಿಡಿದು ಮಾತು ಕೊಟ್ಟ.

ಅವಳು ಹೋದ ಸುದ್ದಿ ಅವನಿಗೆ ಕಾರ್ಖಾನೆಯಲ್ಲಿ ಸಿಕ್ಕಿತು. ತಕ್ಷಣ ಬ್ರದರ್ ಹೋಬರ್ಟ್‌ಗೆ ಫೋನ್ ಮಾಡಿ, ಅವಳು ಹೇಳಿದ ಪದವನ್ನೇ ಹೇಳಿದ. "ಕಲ್ಲಿನ ಹಿಂದೆ ಬ್ರದರ್. ಜಡ್ಜ್ ಕಲ್ಲಿನ ಹಿಂದೆ, ಮಗೂ ಹತ್ರ." ಗುಡ್ಡದವರಿಗೆ ಗುಡ್ಡದ ಮಾತನ್ನು ಬಿಡಿಸಿ ಹೇಳಬೇಕು ಎಂದು ಪಟ್ಟಣದಲ್ಲಿ ಬೆಳೆದ ಅವನಿಗೆ ಹೊಳೆಯಲಿಲ್ಲ. ಹೋಬರ್ಟ್‌ಗೆ ಈಗ ಗುಡ್ಡ ಹತ್ತಲಾಗುತ್ತಿರಲಿಲ್ಲ. ಗುಂಡಿ ತೋಡುವ ತರುಣರಿಗೆ ಆ ಮಾತನ್ನು ಹಾಗೇ ದಾಟಿಸಿದ.

ಬೆಳಗ್ಗೆ ಡಿಲ್ಲರ್ಡ್ ಕಿಟಕಿಯ ಕಟ್ಟೆಯಿಂದ ಕಲ್ಲನ್ನು ತೆಗೆದುಕೊಂಡು ಗುಡ್ಡ ಹತ್ತಿದಾಗ ಗುಂಡಿ ತಯಾರಾಗಿತ್ತು. ಗೋಡೆ ನೇರವಾಗಿ, ಮೂಲೆ ಚೌಕವಾಗಿ, ಯಾರೂ ತಪ್ಪು ಹೇಳುವಂತಿರಲಿಲ್ಲ. ಅಲ್ಲಿ ಗುಂಡಿ ತೋಡುವುದಕ್ಕೆ ಕೂಲಿ ಇಲ್ಲ, ಅದು ನೆರೆಯವರ ಕೊನೆಯ ಪ್ರೀತಿ. ತರುಣರು ಬೆವರು ಒರೆಸಿಕೊಂಡು ನಿಂತಿದ್ದರು.

"ನೀವು ಹೇಳ್ದಂಗೇ ಮಾಡಿದೀವಿ ಡಿಲ್ಲರ್ಡಣ್ಣ. ಕಲ್ಲಿನ ಹಿಂದೆ. ಕುರಿಮರಿ ಪಕ್ಕದಲ್ಲೇ."

ಡಿಲ್ಲರ್ಡ್ ಗುಂಡಿ ನೋಡಿದ. ಆಮೇಲೆ ಕೈಯೆತ್ತಿ ಸರಪಳಿಯ ಕಡೆ ತೋರಿಸಿದ.

"ಆ ಕಡೆ ಕಣ್ರೋ. ಆ ಕಡೆ."

"ಆ ಕಡೆ ಮುಂದೆ ಅಲ್ವಾಣ್ಣ?"

ಅಷ್ಟರಲ್ಲಿ ಶವಪೆಟ್ಟಿಗೆ ಗೇಟು ದಾಟಿ ಬಂದಾಗಿತ್ತು. ತೆರೆದ ಗುಂಡಿಯನ್ನು ಹೆಣವಿಲ್ಲದೆ ಮುಚ್ಚಿದರೆ ಅದು ಊರಿನಿಂದ ಇನ್ನೊಬ್ಬರನ್ನು ಕರೆಯುತ್ತದೆ ಎಂದು ಅಲ್ಲಿನವರ ನಂಬಿಕೆ. ಆ ತರುಣರಲ್ಲಿ ಒಬ್ಬನ ಹೆಂಡತಿ ತುಂಬು ಬಸುರಿ. ಬೇರೆ ಗುಂಡಿ ತೋಡಿ ಎಂದು ಹೇಳಲು ಡಿಲ್ಲರ್ಡ್‌ನ ನಾಲಿಗೆ ಏಳಲಿಲ್ಲ. ಕೈಯಲ್ಲಿದ್ದ ಕಲ್ಲನ್ನು ಗುಂಡಿಗೆ ಇಳಿಬಿಟ್ಟು ಪಕ್ಕಕ್ಕೆ ಸರಿದ. ಚರ್ಚಿನ ಹೆಂಗಸರು ಕಣ್ಣೊರೆಸಿಕೊಂಡು, ಅಂತೂ ತಾಯಿ ಮಗು ಒಂದು ಕಡೆ ಸೇರಿದರು ಎಂದರು. ಸಂಘದಿಂದ ದೊಡ್ಡ ಹೂಮಾಲೆ ಬಂದಿತ್ತು.

ಹೀಗಾಗಿ ಡೆಲ್ಫಿ ನೇಪಿಯರ್ ಈಗ ಜಡ್ಜ್ ಸಾಹೇಬರ ಮಗ್ಗುಲಲ್ಲಿ, ಮೂಡಣಕ್ಕೆ ಮುಖ ಮಾಡಿ ಮಲಗಿದ್ದಾಳೆ. ಕಹಳೆ ಊದುವ ದಿನ ಇಬ್ಬರೂ ಅಕ್ಕಪಕ್ಕದಲ್ಲಿ ಎದ್ದು ಕೂರುತ್ತಾರೆ. ಮಗು ಅವಳ ಬೆನ್ನ ಹಿಂದೆ ಇರುತ್ತದೆ.